ಲ್ಯಾಪ್‌ಟಾಪ್ ನಿಮ್ಮದು, ಖಾತೆ ಯಾರದು?

ಪ್ರಶ್ನೆ: ಎರಡೂವರೆ ವರ್ಷದ ಹಿಂದೆ ಎಸ್.ಪಿ. ರೋಡಿನಲ್ಲಿ ಒಂದು ಲ್ಯಾಪ್‌ಟಾಪ್ ತಗೊಂಡೆವು. ಅಂಗಡಿಯ ಹುಡುಗನೇ ಎಲ್ಲ ಸೆಟಪ್ ಮಾಡಿ, ನಾಲ್ಕಂಕಿಯ ಪಿನ್ ಚೀಟಿಯಲ್ಲಿ ಬರೆದುಕೊಟ್ಟ. ಹೋದ ತಿಂಗಳು ಏನೋ ಅಪ್‌ಡೇಟ್ ಆಯಿತು. ಮರುದಿನ ಆನ್ ಮಾಡಿದರೆ ನೀಲಿ ಪರದೆ, 48 ಅಂಕಿಯ ಕೀ ಹಾಕು ಅನ್ನುತ್ತಿದೆ. ಮೂರು ಕಡೆ ತೋರಿಸಿದೆವು, ಎಲ್ಲರೂ ಫಾರ್ಮ್ಯಾಟ್ ಒಂದೇ ದಾರಿ ಅಂದರು. ಗೃಹಪ್ರವೇಶದ ಫೋಟೋಗಳೆಲ್ಲ ಅದರಲ್ಲೇ ಇವೆ, ಮನಸ್ಸು ಬಾರದೆ ಹಾಗೇ ಬೀರುವಿನಲ್ಲಿಟ್ಟಿದ್ದೇನೆ. ಈಗ ಮಗಳು ಇಂಜಿನಿಯರಿಂಗ್ ಸೇರುತ್ತಿದ್ದಾಳೆ, ಹೊಸದು ತೆಗೆಯಲೇಬೇಕು. ಕಾಲೇಜಿನ ಇಮೇಲ್ ಹಾಕಿದರೆ ವರ್ಡ್, ಎಕ್ಸೆಲ್ ಇರುವ ಆಫೀಸ್ ಫ್ರೀ ಅಂತಾರೆ ಅವಳ ಸ್ನೇಹಿತೆಯರು. ಅಕೌಂಟಿನ ಗೊಡವೆಯೇ ಬೇಡ, ಲೋಕಲ್ ಮಾಡಿಸು ಅಂತಾನೆ ನನ್ನ ತಮ್ಮ. ಪಾಸ್‌ವರ್ಡ್ ಇಡುವುದರಿಂದಲೇ ಇಷ್ಟೆಲ್ಲ ತಾಪತ್ರಯ, ಇಡಲೇಬೇಡಿ ಅಂತಾರೆ ಯಜಮಾನರು. ಯಾರ ಮಾತು ಕೇಳಲಿ?
— ಓದುಗರೊಬ್ಬರು, ವಿಜಯನಗರ, ಬೆಂಗಳೂರು

ಉತ್ತರ: ನಿಮ್ಮ ಪತ್ರ ಓದುತ್ತಾ ನನ್ನ ಕಣ್ಣು ನಿಂತದ್ದು ಆ ಚೀಟಿಯ ಮೇಲೆ. ಪಿನ್ ಬರೆದುಕೊಟ್ಟ ಹುಡುಗ, ಯಾವ ಇಮೇಲ್ ಹಾಕಿ ಲ್ಯಾಪ್‌ಟಾಪ್ ತೆರೆದ ಎಂಬುದನ್ನು ಬರೆದುಕೊಡಲಿಲ್ಲ. ನೀವೂ ಕೇಳಲಿಲ್ಲ. ನಿಮ್ಮ ತಪ್ಪೇನಿಲ್ಲ ಬಿಡಿ, ಯಾರೂ ಕೇಳುವುದಿಲ್ಲ. ಜಯನಗರದಲ್ಲಿ ಹದಿನೆಂಟು ವರ್ಷದಿಂದ ರಿಪೇರಿ, ಡೇಟಾ ರಿಕವರಿ ಮಾಡಿಕೊಂಡಿದ್ದೇನೆ. ನೀಲಿ ಪರದೆ ಹಿಡಿದು ಬಂದವರಿಗೆ ನನ್ನ ಮೊದಲ ಪ್ರಶ್ನೆ "ಯಾವ ಅಕೌಂಟು?" ಅಂತ. ಸಾಮಾನ್ಯವಾಗಿ ಬರುವ ಉತ್ತರ: "ಅಕೌಂಟ್ ಅಂದ್ರೆ? ಪಿನ್ ಗೊತ್ತಿದೆಯಲ್ಲ ಸಾರ್."

ಬೆಂಗಳೂರಿನಲ್ಲಿ ಸೈಟು ತೆಗೆದುಕೊಂಡವರಿಗೆ ಇದನ್ನು ಅರ್ಥ ಮಾಡಿಸುವುದು ಸುಲಭ. ದುಡ್ಡು ಕೊಟ್ಟಾಗಿದೆ, ರಿಜಿಸ್ಟ್ರೇಷನ್ ಆಗಿದೆ, ಕಾಂಪೌಂಡೂ ಎದ್ದಿದೆ. ಖಾತಾ ಮಾತ್ರ ಹಳಬನ ಹೆಸರಲ್ಲೇ ಉಳಿದುಬಿಟ್ಟಿದೆ. ದಿನ ಕಳೆಯಲು ಏನೂ ಅಡ್ಡಿಯಿಲ್ಲ. ಬ್ಯಾಂಕಿಗೆ ಸಾಲ ಕೇಳಲು ಹೋದ ದಿನ ಗೊತ್ತಾಗುತ್ತದೆ. ಲ್ಯಾಪ್‌ಟಾಪಿನದೂ ಇದೇ ಕಥೆ. ಬಿಲ್ಲು ನಿಮ್ಮ ಹೆಸರಲ್ಲಿದೆ, ಆದರೆ ಮೊದಲ ದಿನ ಅದಕ್ಕೆ ಹಾಕಿದ ಮೈಕ್ರೋಸಾಫ್ಟ್ ಅಕೌಂಟು ಯಾರದೋ, ಡಿಸ್ಕಿನ ಬೀಗದ ಕೀ ಹೋಗಿ ಸೇರುವುದು ಅವರ ಖಾತೆಗೆ. ಲ್ಯಾಪ್‌ಟಾಪಿನ ಜೊತೆ ಬರುವ, ಒಂದೇ ಸಲ ದುಡ್ಡು ಕೊಟ್ಟ ಆಫೀಸಿನ ಲೈಸೆನ್ಸೂ ಆಕ್ಟಿವೇಟ್ ಮಾಡಿದವರ ಅಕೌಂಟಿಗೇ ಅಂಟಿಕೊಳ್ಳುತ್ತದೆ.

ಅಂಗಡಿಯವರನ್ನು ಬೈಯಲು ಇದನ್ನು ಹೇಳುತ್ತಿಲ್ಲ. ಶನಿವಾರ ಸಂಜೆ ಕೌಂಟರಿನ ಮುಂದೆ ಆರು ಜನ ನಿಂತಿರುತ್ತಾರೆ. ಗಿರಾಕಿಗೆ ತನ್ನ ಇಮೇಲ್ ನೆನಪಿಲ್ಲ, ನೆನಪಿದ್ದರೆ ಪಾಸ್‌ವರ್ಡ್ ನೆನಪಿಲ್ಲ, ಓಟಿಪಿ ಬರುವ ಫೋನು ಮನೆಯಲ್ಲಿದೆ. ಹುಡುಗ ಅಂಗಡಿಯ ಒಂದು ಇಮೇಲ್ ಹಾಕಿ ಮುಗಿಸುತ್ತಾನೆ. ಇಲ್ಲವೇ ಅಲ್ಲೇ ಹೊಸ ಇಮೇಲ್ ಸೃಷ್ಟಿಸಿ, ಹುಟ್ಟಿದ ದಿನ ಕೇಳಿದ ಕಡೆ 1-1-2000 ಒತ್ತಿ, ತನ್ನದೇ ಮೊಬೈಲ್ ನಂಬರ್ ಕೊಟ್ಟು ಮುಂದೆ ಹೋಗುತ್ತಾನೆ. ಮುಂದೊಂದು ದಿನ ಅಕೌಂಟ್ ವಾಪಸ್ ಪಡೆಯಲು ನೀವು ಫಾರ್ಮ್ ತುಂಬುವಾಗ ಮೈಕ್ರೋಸಾಫ್ಟ್ ಕೇಳುವುದು ಆ ಹುಟ್ಟಿದ ದಿನವನ್ನೇ. ನೀವು ನಿಮ್ಮ ನಿಜವಾದ ತಾರೀಖು ಬರೆದಷ್ಟೂ ಅದು ನಿಮ್ಮನ್ನು ನಂಬುವುದಿಲ್ಲ.

ಇನ್ನು ಪಿನ್ನು. ಇದೊಂದು ಸರಿಯಾಗಿ ತಲೆಗೆ ಹೋದರೆ ಅರ್ಧ ಗೋಜಲು ಬಿಡುತ್ತದೆ. ಪಿನ್ ಆ ಒಂದು ಲ್ಯಾಪ್‌ಟಾಪಿನೊಳಗಿನದು. ಯಂತ್ರದಲ್ಲಿರುವ ಟಿಪಿಎಂ ಎಂಬ ಪುಟ್ಟ ಚಿಪ್ಪಿಗೂ ನಿಮಗೂ ಇರುವ ಗುಟ್ಟು ಅದು, ಇಂಟರ್ನೆಟ್ಟಿನಾಚೆ ಯಾರಿಗೂ ಗೊತ್ತಿಲ್ಲ. ಪಾಸ್‌ವರ್ಡ್ ಅಕೌಂಟಿನದು, ಯಾವ ಕಂಪ್ಯೂಟರಿನಿಂದ ಹೋದರೂ ಕೇಳುವಂಥದ್ದು. ದಿನಾ ಪಿನ್ ಒತ್ತಿ ಒತ್ತಿ, ಎರಡು ವರ್ಷದಲ್ಲಿ ಪಾಸ್‌ವರ್ಡ್ ಎಂಬುದೊಂದು ಇತ್ತೆಂಬುದೇ ಮರೆತುಹೋಗುತ್ತದೆ. ನಿವೃತ್ತ ಮೇಷ್ಟ್ರೊಬ್ಬರು ನನ್ನ ಅಂಗಡಿಯಲ್ಲಿ ಕೂತು ಮೈಕ್ರೋಸಾಫ್ಟಿನ ಪುಟದಲ್ಲಿ ನಾಲ್ಕಂಕಿ ಹೊಡೆಯುತ್ತಲೇ ಇದ್ದರು. ಡೈರಿಯಲ್ಲಿ ಕೆಂಪು ಶಾಯಿಯಲ್ಲಿ 'ಪಾಸ್‌ವರ್ಡ್' ಎಂದು ಬರೆದು ಅಡಿಗೆರೆ ಎಳೆದಿದ್ದ ಅಂಕಿ ಅದು. "ಬರೆದಿಟ್ಟಿದ್ದೇನಲ್ರೀ, ಸುಳ್ಳು ಹೇಳ್ತೀನಾ?" ಅಂತ ನನ್ನ ಮೇಲೇ ಸಿಟ್ಟು. ಬರೆದಿಟ್ಟದ್ದು ಸುಳ್ಳಲ್ಲ, ಶೀರ್ಷಿಕೆ ತಪ್ಪಿತ್ತು.

ಪಿನ್ ಹಲವು ಸಲ ತಪ್ಪಿದರೆ ಪರದೆ ಒಂದು ವಿಚಿತ್ರ ಬೇಡಿಕೆ ಇಡುತ್ತದೆ: ಎ1ಬಿ2ಸಿ3 ಎಂದು ಟೈಪ್ ಮಾಡಿ ಅನ್ನುತ್ತದೆ. ವೈರಸ್ ಅಂತ ಹೆದರಿ ಲ್ಯಾಪ್‌ಟಾಪನ್ನು ಟವೆಲಿನಲ್ಲಿ ಸುತ್ತಿ ತಂದವರಿದ್ದಾರೆ. ಅದು ವಿಂಡೋಸಿನದೇ ಮಾತು. ಕೀಬೋರ್ಡಿನ ಯಾವುದಾದರೂ ಗುಂಡಿ ಸಿಕ್ಕಿಕೊಂಡು ತಾನೇ ಒತ್ತುತ್ತಿದೆಯೋ, ಮನುಷ್ಯರೇ ಒತ್ತುತ್ತಿದ್ದಾರೋ ಎಂದು ನೋಡಿಕೊಳ್ಳುವ ಕ್ರಮ, ಅಷ್ಟೇ. ಕನ್ನಡ ಕೀಬೋರ್ಡ್ ಸೇರಿಸಿಕೊಂಡವರಿಗೆ ಇನ್ನೊಂದು ಪೇಚು ಇದೆ. ಲಾಗಿನ್ ಪರದೆಯಲ್ಲಿ ಭಾಷೆ ಕನ್ನಡಕ್ಕೆ ತಿರುಗಿದ್ದರೆ ನೀವು ಒತ್ತಿದ ಇಂಗ್ಲಿಷ್ ಪಾಸ್‌ವರ್ಡು ಕನ್ನಡದ ಕಾಗುಣಿತವಾಗಿ ಒಳಗೆ ಹೋಗುತ್ತದೆ, ಕಾಣುವುದು ಬರೀ ಚುಕ್ಕೆ. ಮೂಲೆಯಲ್ಲಿ ಭಾಷೆಯ ಗುರುತು ನೋಡಿ, ವಿಂಡೋಸ್ ಗುಂಡಿ ಹಿಡಿದು ಸ್ಪೇಸ್ ಒತ್ತಿ ಬದಲಿಸಿ. ಬಾಕ್ಸಿನ ಪಕ್ಕದ ಕಣ್ಣಿನ ಚಿತ್ರ ಒತ್ತಿದರೆ ಏನು ಬೀಳುತ್ತಿದೆ ಎಂಬುದೂ ಕಾಣುತ್ತದೆ.

ಜಿಮೇಲಿನದೊಂದು ಗೊಂದಲವೂ ಪದೇ ಪದೇ ಬರುತ್ತದೆ. ನಿಮ್ಮ ಜಿಮೇಲ್ ವಿಳಾಸವನ್ನೇ ಕೊಟ್ಟು ಮೈಕ್ರೋಸಾಫ್ಟ್ ಅಕೌಂಟ್ ಮಾಡಬಹುದು. ಆಗ ಒಂದೇ ಹೆಸರಿನಲ್ಲಿ ಎರಡು ಮನೆ ಇದ್ದ ಹಾಗೆ. ಗೂಗಲ್ಲಿನ ಪಾಸ್‌ವರ್ಡ್ ಬೇರೆ, ಮೈಕ್ರೋಸಾಫ್ಟಿನದು ಬೇರೆ. ಒಂದನ್ನು ಬದಲಿಸಿದರೆ ಇನ್ನೊಂದು ಬದಲಾಗದು. "ಈಗತಾನೆ ಫೋನಿನಲ್ಲಿ ಹಾಕಿದೆ, ತಗೊಂತು, ಇಲ್ಲಿ ತಗೊಳ್ತಿಲ್ಲ" ಅನ್ನುವವರೆಲ್ಲ ಈ ಹಳ್ಳಕ್ಕೆ ಬಿದ್ದವರು. 2025ರ ಮೇ ತಿಂಗಳಿಂದ ಮೈಕ್ರೋಸಾಫ್ಟಿನ ಹೊಸ ಅಕೌಂಟುಗಳು ಪಾಸ್‌ವರ್ಡ್ ಇಲ್ಲದೆಯೇ ಶುರುವಾಗುತ್ತವೆ. ಅದರ ಬದಲು ಇಮೇಲಿಗೋ ಫೋನಿಗೋ ಬರುವ ಕೋಡು, ಇಲ್ಲವೇ ಪಾಸ್‌ಕೀ, ಅಂದರೆ ಫೋನಿನ ಅಥವಾ ಲ್ಯಾಪ್‌ಟಾಪಿನ ಬೆರಳಚ್ಚು, ಮುಖ, ಪಿನ್ನಿನಿಂದಲೇ ಒಳಗೆ ಹೋಗುವ ಕ್ರಮ. ನಿಮ್ಮ ಮಗಳಿಗೆ ಪಾಸ್‌ವರ್ಡ್ ಕೇಳದೇ ಹೋದರೆ ಗಾಬರಿ ಬೇಡ, ಆದರೆ ಕೋಡು ಬರುವ ಜಾಗ ಯಾವುದು ಎಂಬುದೇ ಆಗ ಎಲ್ಲಕ್ಕಿಂತ ಮುಖ್ಯ ಪ್ರಶ್ನೆ.

ಈಗ ನಿಮ್ಮ ನೀಲಿ ಪರದೆಗೆ ಬರೋಣ. ಲ್ಯಾಪ್‌ಟಾಪ್ ಕಳುವಾದರೆ ಕಳ್ಳ ಡಿಸ್ಕ್ ಬಿಚ್ಚಿ ಬೇರೆ ಕಂಪ್ಯೂಟರಿಗೆ ಸಿಕ್ಕಿಸಿ ಓದಬಾರದೆಂದು ವಿಂಡೋಸ್ ಇಡೀ ಡಿಸ್ಕನ್ನು ಗೂಢಲಿಪಿಗೆ ಬದಲಿಸಿಡುತ್ತದೆ. ಬಿಟ್‌ಲಾಕರ್ ಎಂಬುದು ಅದರ ಹೆಸರು, ಹೋಮ್ ಆವೃತ್ತಿಯಲ್ಲಿ ಡಿವೈಸ್ ಎನ್‌ಕ್ರಿಪ್ಷನ್ ಅನ್ನುತ್ತಾರೆ. ಹಿಂದೆ ಕೆಲವು ಬಗೆಯ ಯಂತ್ರಗಳಲ್ಲಿ ಮಾತ್ರ ಇದು ತಾನಾಗಿ ಶುರುವಾಗುತ್ತಿತ್ತು. 2024ರ ಅಕ್ಟೋಬರಿನಲ್ಲಿ ಬಂದ ವಿಂಡೋಸ್ 11ರ 24ಎಚ್2 ಆವೃತ್ತಿ ಆ ನಿಯಮ ಸಡಿಲಿಸಿತು. ಈಗ ಹೊಸ ಲ್ಯಾಪ್‌ಟಾಪಿಗೆ ಮೈಕ್ರೋಸಾಫ್ಟ್ ಅಕೌಂಟ್ ಹಾಕಿದೊಡನೆ, ನಿಮ್ಮನ್ನು ಒಂದು ಮಾತೂ ಕೇಳದೆ, ಡಿಸ್ಕಿಗೆ ಬೀಗ ಬೀಳುತ್ತದೆ, ಕೀ ಆ ಅಕೌಂಟಿಗೆ ಹೋಗುತ್ತದೆ. ದಿನಾ ಬೀಗ ತೆಗೆಯುವುದು ಟಿಪಿಎಂ. ಯಂತ್ರ ನಿನ್ನೆ ಇದ್ದ ಹಾಗೇ ಇದೆಯೇ ಎಂದು ಪರೀಕ್ಷಿಸಿ ತೆಗೆಯುತ್ತದೆ. ಬಯಾಸ್ (ವಿಂಡೋಸಿಗೂ ಮೊದಲು ಯಂತ್ರವನ್ನು ಎಬ್ಬಿಸುವ ತಂತ್ರಾಂಶ) ಅಪ್‌ಡೇಟ್ ಆಯಿತು, ಮದರ್‌ಬೋರ್ಡ್ ಬದಲಾಯಿತು ಅಂದರೆ ಅದಕ್ಕೆ ಅನುಮಾನ ಬರುತ್ತದೆ. ಆಗ ಕೇಳುವುದೇ ಆ 48 ಅಂಕಿ. ಅಂದರೆ ನಿಮ್ಮ ಯಂತ್ರ ಕೆಟ್ಟಿಲ್ಲ, ಹೇಳಿದ ಕೆಲಸವನ್ನೇ ಮಾಡುತ್ತಿದೆ.

ಆ ಅಂಕಿಗಳ ಬಗ್ಗೆ ಒಂದು ಸ್ವಾರಸ್ಯ ಹೇಳುತ್ತೇನೆ, ಉಪಯೋಗಕ್ಕೂ ಬರುತ್ತದೆ. ಆರಾರು ಅಂಕಿಯ ಎಂಟು ಗುಂಪು ಇರುತ್ತವೆ, ಪ್ರತಿ ಗುಂಪೂ 11ರಿಂದ ಶೇಷವಿಲ್ಲದೆ ಭಾಗವಾಗಬೇಕು. ನಮ್ಮ ಗಿರಾಕಿ ಒಬ್ಬರು, ಕನ್ನಡದ ಅಭಿಮಾನಿ, ಕೀಯನ್ನು ಪೂರ್ತಿ ಕನ್ನಡ ಅಂಕಿಯಲ್ಲೇ ನೋಟ್‌ಬುಕ್ಕಿಗೆ ಇಳಿಸಿಕೊಂಡಿದ್ದರು. ಅವರ ೬ಕ್ಕೂ ೯ಕ್ಕೂ ಅವರಿಗೇ ವ್ಯತ್ಯಾಸ ತಿಳಿಯದು. ಗುಂಪು ಗುಂಪಾಗಿ ಕ್ಯಾಲ್ಕುಲೇಟರಿನಲ್ಲಿ 11ರಿಂದ ಭಾಗಿಸುತ್ತಾ ಹೋದೆವು. ಉದಾಹರಣೆಗೆ 264517 ಅಂದರೆ ಸರಿಯಾಗಿ ಭಾಗವಾಗುತ್ತದೆ, ಅದೇ ಜಾಗದಲ್ಲಿ 294517 ಅಂದರೆ ಶೇಷ ಉಳಿಯುತ್ತದೆ. ಸಂದೇಹವಿದ್ದ ಮೂರು ಗುಂಪನ್ನು ಹಾಗೆಯೇ ತಿದ್ದಿ ಹಾಕಿದೆವು, ತೆರೆಯಿತು. ಕಾಫಿ ಕುಡಿಸಿ ಹೋದರು. ಬರೆದುಕೊಳ್ಳುವವರು ಬರೆದಾದ ಮೇಲೆ ಹೀಗೊಮ್ಮೆ ತಾಳೆ ನೋಡಿದರೆ ಒಳ್ಳೆಯದು.

ಆ ಮೂರು ಸಲಹೆಗಳಲ್ಲಿ ನಿಮ್ಮ ಯಜಮಾನರದು ಮೊದಲು. ಪಾಸ್‌ವರ್ಡ್ ಇಡದಿದ್ದರೆ ತಾಪತ್ರಯವಿಲ್ಲ ಎಂಬುದು ಕೇಳಲು ಸರಿ, ಆದರೆ ನಿಮ್ಮನ್ನು ಹೊರಗಿಟ್ಟದ್ದು ಪಾಸ್‌ವರ್ಡ್ ಅಲ್ಲವಲ್ಲ. ಅದು ಡಿಸ್ಕಿನ ಬೀಗ, ಪಾಸ್‌ವರ್ಡ್ ತೆಗೆದರೂ ಇರುತ್ತದೆ. ಇನ್ನು ಹಾಸ್ಟೆಲ್ಲು, ಪಿಜಿಯಲ್ಲಿ ಪಾಸ್‌ವರ್ಡಿಲ್ಲದ ಲ್ಯಾಪ್‌ಟಾಪ್ ಅಂದರೆ ಬ್ರೌಸರಿನಲ್ಲಿ ಉಳಿಸಿದ ಇಮೇಲು, ನೆಟ್‌ಬ್ಯಾಂಕಿಂಗು ಎಲ್ಲ ಮೇಜಿನ ಮೇಲೆ ತೆರೆದಿಟ್ಟ ಹಾಗೆ. ಇದನ್ನು ಬಿಟ್ಟುಬಿಡಿ.

ನಿಮ್ಮ ತಮ್ಮ ಹೇಳುವುದರಲ್ಲಿ ಹುರುಳಿದೆ. ಲೋಕಲ್ ಅಕೌಂಟ್ ಅಂದರೆ ಲ್ಯಾಪ್‌ಟಾಪಿನೊಳಗೆ ಮಾತ್ರ ಇರುವ ಹೆಸರು, ಪಾಸ್‌ವರ್ಡು. ಯಾವ ಕಂಪನಿಗೂ ನಿಮ್ಮ ಫೋನ್ ನಂಬರ್ ಕೊಡಬೇಕಿಲ್ಲ. ಆದರೆ ಹೋಮ್ ಆವೃತ್ತಿಯ ಸೆಟಪ್ಪಿನಲ್ಲಿ ಇಂಟರ್ನೆಟ್ಟೂ ಮೈಕ್ರೋಸಾಫ್ಟ್ ಅಕೌಂಟೂ ಕಡ್ಡಾಯ. ಅದನ್ನು ತಪ್ಪಿಸುವ ಒಳದಾರಿಗಳನ್ನು ಕಂಪನಿ ಒಂದೊಂದಾಗಿ ಮುಚ್ಚುತ್ತಾ ಬಂದಿದೆ, ಯೂಟ್ಯೂಬಿನಲ್ಲಿ ಹೋದ ವರ್ಷ ನೋಡಿದ್ದು ಈ ವರ್ಷ ನಡೆಯದೇ ಹೋಗಬಹುದು. ನಡೆದರೂ ಅಪಾಯ ಎರಡು. ಪಾಸ್‌ವರ್ಡ್ ಮರೆತರೆ, ನೀವೇ ಆರಿಸಿದ ಮೂರು ಭದ್ರತಾ ಪ್ರಶ್ನೆಗಳ ಉತ್ತರವೂ ಮರೆತರೆ, ಇಮೇಲಿಗೆ ಲಿಂಕ್ ಕಳಿಸುವವರು ಯಾರೂ ಇಲ್ಲ. ಎರಡನೆಯದು, ಬರೀ ಲೋಕಲ್ ಅಕೌಂಟಿನಲ್ಲಿ ತಾನಾಗಿ ಬೀಳುವ ಆ ಡಿಸ್ಕಿನ ಬೀಗ, ಬೀಗ ಜಡಿದು ಕೀಲಿಯನ್ನು ಬಾಗಿಲಲ್ಲೇ ಬಿಟ್ಟ ಹಾಗೆ. ನೀಲಿ ಪರದೆ ಕಾಡುವುದಿಲ್ಲ ನಿಜ, ಕಳುವಾದರೆ ರಕ್ಷಣೆಯೂ ಇಲ್ಲ. ಮನೆಯ ಮೇಜು ಬಿಟ್ಟು ಕದಲದ ಕಂಪ್ಯೂಟರಿಗೆ ನಾನೇ ಲೋಕಲ್ ಅಕೌಂಟ್ ಮಾಡಿಕೊಟ್ಟಿದ್ದೇನೆ. ಮೆಟ್ರೋದಲ್ಲಿ ಬೆನ್ನಿಗೆ ಹಾಕಿಕೊಂಡು ಓಡಾಡುವ ಹುಡುಗಿಯ ಲ್ಯಾಪ್‌ಟಾಪಿಗೆ ಮಾಡುವುದಿಲ್ಲ.

ಮೂರರಲ್ಲಿ ನನಗೆ ಹೆಚ್ಚು ಭಯ ಕಾಲೇಜಿನ ಇಮೇಲಿನದು, ಏಕೆಂದರೆ ಅದು ಅಪಾಯದ ಹಾಗೆ ಕಾಣುವುದೇ ಇಲ್ಲ. ಆ ಇಮೇಲ್ ಕಾಲೇಜಿನ ಆಸ್ತಿ. ಡಿಗ್ರಿ ಮುಗಿದ ಮೇಲೆ ಅದನ್ನು ಮುಚ್ಚುವ ಹಕ್ಕು ಅವರದು. ಮುಚ್ಚಿದರೆ ಅದರ ಒನ್‌ಡ್ರೈವೂ, ಅಂದರೆ ಇಂಟರ್ನೆಟ್ಟಿನಲ್ಲಿ ಫೈಲು ಇಡುವ ಮೈಕ್ರೋಸಾಫ್ಟಿನ ಜಾಗವೂ, ಹೋಗುತ್ತದೆ. ಲ್ಯಾಪ್‌ಟಾಪನ್ನೇ ಆ ಇಮೇಲಿನಿಂದ ತೆರೆದಿದ್ದರೆ ಡಿಸ್ಕಿನ ಕೀ ಕೂಡ ಕಾಲೇಜಿನ ಐಟಿ ವಿಭಾಗದ ಕೈಯಲ್ಲಿ. ಅಂಗಡಿ ಹುಡುಗನ ಬದಲು ಕಾಲೇಜು, ಅಷ್ಟೇ ವ್ಯತ್ಯಾಸ. ಉಚಿತ ಆಫೀಸ್ ಬೇಕು ಅನ್ನುವುದು ಸಹಜ, ಬಿಡಬೇಡಿ. ಲ್ಯಾಪ್‌ಟಾಪನ್ನು ಮಗಳ ಸ್ವಂತ ಅಕೌಂಟಿನಿಂದ ತೆರೆದು, ವರ್ಡ್ ಒಳಗೆ ಮಾತ್ರ ಕಾಲೇಜಿನ ಇಮೇಲ್ ಹಾಕಲಿ. ಹಾಕುವಾಗ ನಿಮ್ಮ ಸಂಸ್ಥೆ ಈ ಯಂತ್ರವನ್ನು ನಿರ್ವಹಿಸಲು ಬಿಡುತ್ತೀರಾ ಎಂಬ ಅರ್ಥದ ಪ್ರಶ್ನೆ ಬರುತ್ತದೆ, ಟಿಕ್ ಮೊದಲೇ ಬಿದ್ದಿರಬಹುದು. ತೆಗೆದುಹಾಕಿ, ಈ ಆ್ಯಪ್‌ಗೆ ಮಾತ್ರ ಎಂಬುದನ್ನು ಆರಿಸಬೇಕು. ನೆಕ್ಸ್ಟ್ ನೆಕ್ಸ್ಟ್ ಒತ್ತುವ ಬೆರಳಿಗೆ ಅಲ್ಲೊಂದು ಕ್ಷಣ ತಡೆ ಇರಲಿ.

ಹಾಗಾದರೆ ನಾನು ನನ್ನ ಮನೆಯಲ್ಲಿ ಹೇಗೆ ಮಾಡುತ್ತೇನೆ? ಅಂಗಡಿಯಲ್ಲಿ ಪೆಟ್ಟಿಗೆ ಬಿಚ್ಚಿಸಿ, ಆನ್ ಮಾಡಿಸಿ, ಪರದೆಯಲ್ಲಿ ಗೆರೆ ಚುಕ್ಕೆ ಇಲ್ಲವೆಂದು ನೋಡಿ, ಬಿಲ್ಲಿನ ಸೀರಿಯಲ್ ನಂಬರನ್ನು ತಳದ ಸ್ಟಿಕ್ಕರಿನೊಂದಿಗೆ ತಾಳೆ ಹಾಕಿ, ಆಫ್ ಮಾಡಿಸಿ ತರುತ್ತೇನೆ. "ಫ್ರೀ ಸೆಟಪ್ ಇದೆ ಮೇಡಂ" ಅಂದರೆ ನೀವು ಬೇಡ ಅನ್ನಿ. ಲ್ಯಾಪ್‌ಟಾಪ್ ತೆರೆಯುವ ಮೊದಲೇ ಫೋನಿನಲ್ಲಿ ಅಕೌಂಟ್ ಮಾಡಿಟ್ಟುಕೊಳ್ಳುವುದು ಒಳ್ಳೆಯದು, ಗಡಿಬಿಡಿ ಇರುವುದಿಲ್ಲ. ಮಗಳ ಹೆಸರು, ಅವಳ ನಿಜವಾದ ಹುಟ್ಟಿದ ದಿನ. ಅವಳ ಮೊಬೈಲ್ ನಂಬರಿನ ಜೊತೆಗೆ ನಿಮ್ಮ ನಂಬರ್, ನಿಮ್ಮ ಇಮೇಲ್ ಎರಡನ್ನೂ ಭದ್ರತಾ ಮಾಹಿತಿಯಲ್ಲಿ ಸೇರಿಸಿ. ಒಂದೇ ನಂಬರ್ ಇದ್ದು ಅದು ಕೈತಪ್ಪಿ, ಎಲ್ಲ ಮಾಹಿತಿ ಒಟ್ಟಿಗೆ ಬದಲಿಸಬೇಕಾಗಿ ಬಂದರೆ ಮೈಕ್ರೋಸಾಫ್ಟ್ 30 ದಿನ ಕಾಯಿಸುತ್ತದೆ. ಎರಡು ಹಂತದ ಪರಿಶೀಲನೆ (ಪಾಸ್‌ವರ್ಡಿನ ಜೊತೆಗೆ ಇನ್ನೊಂದು ಗುರುತನ್ನೂ ಕೇಳುವುದು) ಹಾಕಿದ್ದವರಿಗೆ ವಾಪಸಾತಿ ಫಾರ್ಮೂ ನಡೆಯುವುದಿಲ್ಲ, ಅದಕ್ಕೇ ಅದನ್ನು ಹಾಕುವ ದಿನವೇ 25 ಅಕ್ಷರದ ರಿಕವರಿ ಕೋಡ್ ತೆಗೆದಿಡಬೇಕು. ಹಳೆಯ ಸಿಮ್ ಬಿಟ್ಟುಬಿಡುವವರಿಗೆ ಇನ್ನೊಂದು ಮಾತು. ನಿಂತ ನಂಬರನ್ನು 90 ದಿನ ಯಾರಿಗೂ ಕೊಡುವುದಿಲ್ಲವೆಂದು ದೂರಸಂಪರ್ಕ ನಿಯಂತ್ರಣ ಸಂಸ್ಥೆ ಟ್ರಾಯ್ 2023ರಲ್ಲಿ ಸುಪ್ರೀಂ ಕೋರ್ಟಿಗೆ ತಿಳಿಸಿತ್ತು. ಅಂದರೆ ಆಮೇಲೆ ಕೊಡುತ್ತಾರೆ, ನಿಮ್ಮ ಓಟಿಪಿ ಇನ್ಯಾರದೋ ಫೋನಿಗೆ ಹೋಗುತ್ತದೆ.

ಪಾಸ್‌ವರ್ಡ್ ಬರೆದಿಡಬಾರದು ಎಂಬುದನ್ನು ನಾನು ಒಪ್ಪುವುದಿಲ್ಲ. ಮನೆಗೆ ಎಲ್‌ಐಸಿ ಬಾಂಡ್ ಇಡುವ ಒಂದು ಜಾಗ ಇರುತ್ತದಲ್ಲ, ಅಲ್ಲಿಗೆ ಕಳ್ಳ ಕೈಹಾಕಿದರೆ ನಿಮಗೆ ಪಾಸ್‌ವರ್ಡಿನ ಚಿಂತೆ ಇರುವುದಿಲ್ಲ. ಪರಸ್ಪರ ಸಂಬಂಧವಿಲ್ಲದ ನಾಲ್ಕು ಕನ್ನಡ ಪದ, ಹುಣಸೆ, ಕಂಬಳಿ, ಟಿಕೆಟ್, ಗೋಪುರ ಇಂಥವು, ಇಂಗ್ಲಿಷ್ ಅಕ್ಷರದಲ್ಲಿ ಒಟ್ಟು ಸೇರಿಸಿದರೆ ಗಟ್ಟಿ ಪಾಸ್‌ವರ್ಡ್. (ಇವನ್ನೇ ಇಡಬೇಡಿ, ಇಲ್ಲಿ ಅಚ್ಚಾಗಿದೆ.) ಆದರೆ ಕಂಬಳಿಗೆ ಎಲ್ ಒಂದೋ ಎರಡೋ, ಹುಣಸೆಯ ಕೊನೆಗೆ 'ಇ'ಯೋ 'ಐ'ಯೋ ಎಂಬುದು ಆರು ತಿಂಗಳಿಗೆ ಮರೆಯುತ್ತದೆ, ಕಾಗುಣಿತ ಸಮೇತ ಬರೆದಿಡಿ. ಪಕ್ಕದಲ್ಲಿ ಪಿನ್ ಯಾವುದು, ಪಾಸ್‌ವರ್ಡ್ ಯಾವುದು, ಯಾವ ಇಮೇಲಿನದು ಎಂಬ ಶೀರ್ಷಿಕೆ ಇರಲಿ. ಮೂರು ತಿಂಗಳಿಗೊಮ್ಮೆ ಬದಲಿಸುವ ಶಿಕ್ಷೆ ಬೇಕಿಲ್ಲ. ಅಮೆರಿಕದ ಮಾನಕ ಸಂಸ್ಥೆ ನಿಸ್ಟ್ 2017ರಲ್ಲೇ ಅದನ್ನು ಕೈಬಿಡಿ ಅಂದಿದೆ, ನಮ್ಮ ಆಫೀಸುಗಳಿಗೆ ಇನ್ನೂ ಸುದ್ದಿ ಮುಟ್ಟಿಲ್ಲ.

ಸೆಟಪ್ಪನ್ನು ಮನೆಯ ವೈಫೈಯಲ್ಲಿ ಇಲ್ಲವೇ ಫೋನಿನ ಹಾಟ್‌ಸ್ಪಾಟಿನಲ್ಲಿ ಮಾಡಿ. ಬ್ರೌಸರ್ ತೆರೆದು ಲಾಗಿನ್ ಆಗಬೇಕಾದ ಪಿಜಿ ವೈಫೈ ಆ ಹಂತದಲ್ಲಿ ಕೈಕೊಡುತ್ತದೆ. ಎಲ್ಲ ಮುಗಿದ ಮೇಲೆ ಸೆಟಿಂಗ್ಸ್‌ನಲ್ಲಿ ಪ್ರೈವಸಿ ಆಂಡ್ ಸೆಕ್ಯೂರಿಟಿ, ಅದರೊಳಗೆ ಡಿವೈಸ್ ಎನ್‌ಕ್ರಿಪ್ಷನ್ ಆನ್ ಇದೆಯೇ ನೋಡಿ. ಇದ್ದರೆ ಆ ದಿನವೇ ಫೋನಿನಿಂದ ಮೈಕ್ರೋಸಾಫ್ಟ್ ಅಕೌಂಟಿನ ಪುಟಕ್ಕೆ ಹೋಗಿ ಡಿವೈಸಸ್ ಎಂಬಲ್ಲಿ ರಿಕವರಿ ಕೀ ಹುಡುಕಿ, ಪ್ರಿಂಟ್ ತೆಗೆದು ಬಾಂಡಿನ ಜೊತೆ ಇಡಿ. ಅದರ ಫೋಟೋ ತೆಗೆದು ಅದೇ ಲ್ಯಾಪ್‌ಟಾಪಿನ ಡೆಸ್ಕ್‌ಟಾಪ್ ಮೇಲೆ ಇಟ್ಟುಕೊಂಡವರನ್ನೂ ಕಂಡಿದ್ದೇನೆ. ಮನೆಯ ಕೀಲಿಯನ್ನು ಮನೆಯೊಳಗಿಟ್ಟು ಬಾಗಿಲು ಎಳೆದುಕೊಂಡ ಹಾಗೆ.

ಸೆಕೆಂಡ್ ಹ್ಯಾಂಡ್ ಮ್ಯಾಕ್‌ಬುಕ್ ಯೋಚನೆ ಇದ್ದರೆ ಒಂದೇ ಎಚ್ಚರ: ಮಾರುವವರು ನಿಮ್ಮೆದುರೇ ತಮ್ಮ ಆ್ಯಪಲ್ ಅಕೌಂಟಿನಿಂದ ಸೈನ್ ಔಟ್ ಮಾಡಿ, ಕಳೆದ ಯಂತ್ರ ಹುಡುಕುವ ಫೈಂಡ್ ಮೈ ಆಫ್ ಮಾಡಿ, ಪೂರ್ತಿ ಅಳಿಸಿ ಕೊಡಲಿ. ಇಲ್ಲವಾದರೆ ಹಳೆಯ ಮಾಲೀಕರ ಪಾಸ್‌ವರ್ಡಿಲ್ಲದೆ ತೆರೆಯದ ಆಕ್ಟಿವೇಶನ್ ಲಾಕ್ ಬಿದ್ದು, ದುಡ್ಡು ಕೊಟ್ಟದ್ದು ಬರೀ ಅಲ್ಯೂಮಿನಿಯಂ ತಗಡಿಗೆ ಆಗುತ್ತದೆ.

ಕೊನೆಗೆ ಬೀರುವಿನಲ್ಲಿರುವ ಆ ಹಳೆಯ ಲ್ಯಾಪ್‌ಟಾಪ್. ಫಾರ್ಮ್ಯಾಟ್ ಮಾಡಿಸದೆ ಇಟ್ಟಿದ್ದೀರಲ್ಲ, ಅದು ಒಳ್ಳೆಯ ಕೆಲಸ. ಕೀ ಇಲ್ಲದೆ ಬಿಟ್‌ಲಾಕರ್ ಒಡೆದು ಫೋಟೋ ತೆಗೆದುಕೊಡುತ್ತೇನೆ ಅನ್ನುವವರಿಗೆ ಒಂದು ರೂಪಾಯಿಯೂ ಕೊಡಬೇಡಿ, ನನ್ನಿಂದಲೂ ಆಗದು, ಅವರಿಂದಲೂ ಆಗದು. ಆದರೆ ಆ ಕೀ ಎಲ್ಲೋ ಒಂದು ಅಕೌಂಟಿನಲ್ಲಿ ಇನ್ನೂ ಕೂತಿರುವ ಸಾಧ್ಯತೆ ಇದೆ. ಲ್ಯಾಪ್‌ಟಾಪ್ ಆನ್ ಮಾಡಿ, ನೀಲಿ ಪರದೆಯ ಫೋಟೋ ತೆಗೆದುಕೊಳ್ಳಿ. ರಿಕವರಿ ಕೀ ಐಡಿ ಎಂದು ಅಕ್ಷರ ಅಂಕಿ ಬೆರೆತ ಸಾಲು ಕಾಣುತ್ತದೆ, ಅದರ ಮೊದಲ ಎಂಟು ಮುಖ್ಯ. ಅಪ್‌ಡೇಟಿನಲ್ಲಿ 24ಎಚ್2 ಬಂದಿದ್ದರೆ ಯಾವ ಅಕೌಂಟಿನಲ್ಲಿ ಕೀ ಇದೆ ಎಂಬ ಸುಳಿವೂ ಅಲ್ಲೇ ಇರುತ್ತದೆ. ಬಿಲ್ಲು, ಆ ಚೀಟಿ, ಈ ಫೋಟೋ ಹಿಡಿದು ಅಂಗಡಿಗೆ ಹೋಗಿ. ಶನಿವಾರ ಬೇಡ, ಮಂಗಳವಾರ ಬುಧವಾರ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಹೋದರೆ ಮಾತಾಡಲು ಪುರುಸೊತ್ತಿರುತ್ತದೆ. ಜಗಳ ತೆಗೆಯದೆ, "ಸೆಟಪ್‌ಗೆ ಯಾವ ಇಮೇಲ್ ಬಳಸುತ್ತಿದ್ದಿರಿ? ಅದರಲ್ಲಿ ಈ ಐಡಿಯ ಕೀ ಇದೆಯಾ ನೋಡಿ" ಅಂತ ಕೇಳಿ. ಒಂದೇ ಇಮೇಲಿನಲ್ಲಿ ನೂರು ಗಿರಾಕಿಗಳ ಕೀ ಸಾಲಾಗಿದ್ದರೂ ಆ ಎಂಟು ಅಕ್ಷರದಿಂದ ನಿಮ್ಮದು ಸಿಗುತ್ತದೆ. ಹುಡುಗ ಕೆಲಸ ಬಿಟ್ಟಿದ್ದರೆ ಅವನ ನಂಬರ್ ಕೇಳಿ, ಅಕೌಂಟು ಅವನ ಮೊಬೈಲಿಗೆ ಕಟ್ಟಿದ್ದಿರಬಹುದು. ಅಕೌಂಟ್ ತೆರೆದರೆ ಅದರ ಒನ್‌ಡ್ರೈವನ್ನೂ ಅಲ್ಲೇ ತೆಗೆದು ನೋಡಿ. ಡೆಸ್ಕ್‌ಟಾಪು, ಪಿಕ್ಚರ್ಸ್ ಫೋಲ್ಡರುಗಳನ್ನು ವಿಂಡೋಸ್ ತಾನೇ ಅಲ್ಲಿಗೆ ಏರಿಸುವ ಅಭ್ಯಾಸ ಇಟ್ಟುಕೊಂಡಿದೆ, ಉಚಿತ ಜಾಗ 5 ಜಿಬಿ. ಗೃಹಪ್ರವೇಶದ ಒಂದಷ್ಟು ಫೋಟೋ ಅಲ್ಲೇ ಸಿಕ್ಕರೂ ಸಿಗಬಹುದು. ಸಿಕ್ಕರೆ ಪೆನ್‌ಡ್ರೈವಿಗೆ ಇಳಿಸಿಕೊಂಡು, ಅಂಗಡಿಯ ಒನ್‌ಡ್ರೈವಿನಿಂದ ಅಳಿಸಿ, ರೀಸೈಕಲ್ ಬಿನ್ ಕೂಡ ಖಾಲಿ ಮಾಡಿಸಿ ಬನ್ನಿ.